ಮುಟ್ಟಿಗೆ ಮೊದಲು ಮಾತು

ಕನ್ನಡದಲ್ಲಿ ಪದಗಳಿಗೆ ಬಡತನವುಂಟೆಂದು ಯಾರೂ ಹೇಳಲಾರರು. ಗದ್ದೆಯಲ್ಲಿರುವಾಗ ಬತ್ತ, ಕುಟ್ಟಿದ ಮೇಲೆ ಅಕ್ಕಿ, ಬೆಂದ ಮೇಲೆ ಅನ್ನ ಎಂದು ಒಂದೇ ಕಾಳಿಗೆ ಮೂರು ಹೆಸರಿಟ್ಟ ಜನ ನಾವು. ಇಷ್ಟು ಸಿರಿಯುಳ್ಳ ಭಾಷೆಯನ್ನಾಡುವ ನಾವೇ, ತಿಂಗಳು ತಿಂಗಳೂ ಮನೆಮನೆಯಲ್ಲಿ ನಡೆಯುವ ಒಂದು ಸಹಜ ವ್ಯಾಪಾರವನ್ನು ಹೆಸರಿಸಬೇಕಾದಾಗ ಮಾತ್ರ ತಡವರಿಸುತ್ತೇವೆ. ‘ಹೊರಗಾಗಿದ್ದಾಳೆ’ ಎನ್ನುತ್ತೇವೆ, ‘ದೂರ ಕುಳಿತಿದ್ದಾಳೆ’ ಎನ್ನುತ್ತೇವೆ, ಚಿಕ್ಕ ಮಕ್ಕಳು ಕಾರಣ ಕೇಳಿದರೆ ‘ಕಾಗೆ ಮುಟ್ಟಿತು’ ಎಂದು ಹೇಳಿ, ಏನೊಂದೂ ಅರಿಯದ ಕಾಗೆಯ ತಲೆಗೆ ಅಪವಾದವನ್ನು ಕಟ್ಟುತ್ತೇವೆ. ಈಚೆಗೆ ಪೇಟೆಯ ಮನೆಗಳಲ್ಲಿ ಕಾಗೆ ಹಾರಿಹೋಗಿ, ಅದರ ಜಾಗದಲ್ಲಿ ‘ಪೀರಿಯಡ್ಸ್’ ಎಂಬ ಇಂಗ್ಲಿಷ್ ಶಬ್ದ ಬಂದು ಕುಳಿತಿದೆ. ಆದರೂ ಔಷಧಿಯಂಗಡಿಯವರು ಆ ಪೊಟ್ಟಣವನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿಯೋ ಕರಿಯ ಚೀಲದಲ್ಲಿಯೋ ಸುತ್ತಿ ಕೊಡುವುದು ತಪ್ಪಿಲ್ಲ. ಮುಚ್ಚುವ ಬಟ್ಟೆ ಬದಲಾಯಿತು; ಮುಚ್ಚುವುದು ನಿಲ್ಲಲಿಲ್ಲ.

ನಮ್ಮ ಹಿರಿಯರ ಮಾತು ಎಲ್ಲೆಡೆಯೂ ಇಷ್ಟು ಸಂಕೋಚದ್ದಾಗಿರಲಿಲ್ಲ. ‘ಮೈನೆರೆ’ ಎಂಬ ಪದವನ್ನೇ ನೋಡಿ. ನೆರೆ ಎಂದರೆ ತುಂಬು, ಪೂರ್ಣವಾಗು. ಹೊಲಸಿನ ಸೋಂಕು ಆ ಮಾತಿನಲ್ಲಿ ಎಳ್ಳಷ್ಟೂ ಇಲ್ಲ. ಆ ಸಂದರ್ಭದ ಶಾಸ್ತ್ರಕ್ಕೆ ಹಲವು ಕಡೆ ‘ಒಸಗೆ’ ಎಂಬ ಹೆಸರುಂಟು. ಹಳಗನ್ನಡದಲ್ಲಿ ಒಸಗೆಯೆಂದರೆ ಶುಭವಾರ್ತೆ, ಸಂಭ್ರಮ. ಹುಡುಗಿಯನ್ನು ಹಸೆಯ ಮೇಲೆ ಕೂರಿಸಿ, ಆರತಿಯೆತ್ತಿ, ಚಿಗಳಿ, ಕೊಬ್ಬರಿ, ತುಪ್ಪಗಳನ್ನು ತಿನ್ನಿಸಿ ಹೆಂಗಳೆಯರು ಹಾಡು ಹೇಳುವುದು ಇಂದಿಗೂ ಪೂರ್ತಿ ನಿಂತಿಲ್ಲ. ಇನ್ನು ಹನ್ನೆರಡನೆಯ ಶತಮಾನದ ಶರಣರಂತೂ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಟ್ಟಿಗೆ ಅಲ್ಲಗಳೆದವರು. ಹೀಗಿದ್ದೂ, ಆರತಿ ಎತ್ತಿಸಿಕೊಂಡ ಅದೇ ಹುಡುಗಿ ಮರುತಿಂಗಳು ದೇವರ ಮನೆಯ ಹೊಸಿಲನ್ನು ದಾಟುವಂತಿಲ್ಲ. ಒಂದು ಕೈಯಲ್ಲಿ ಆರತಿ, ಮತ್ತೊಂದು ಕೈಯಲ್ಲಿ ನಿಷೇಧ. ಇವೆರಡರ ನಡುವೆ ಅವಳಿಗೆ ದೊರೆಯದೆ ಹೋದುದು ಒಂದೇ ಒಂದು. ತನ್ನ ಮೈಯಲ್ಲಿ ನಡೆಯುತ್ತಿರುವುದೇನೆಂಬ ವಿವರಣೆ.

ನಾನು ಈ ವಾರ ವಾಚಕರ ಮುಂದಿಡಬೇಕೆಂದಿರುವ ವಿಚಾರ ಇಷ್ಟೇ. ವಿವರಣೆ ಕೊಡಬೇಕೇ ಬೇಡವೇ ಎಂಬ ಚರ್ಚೆ ಹಳೆಯದಾಯಿತು. ಕೊಡಬೇಕೆಂದು ಈಗ ಬಹಳ ಮಂದಿ ಒಪ್ಪುತ್ತಾರೆ. ಆದರೆ ಯಾವಾಗ ಕೊಡಬೇಕು? ಬಹುಪಾಲು ಮನೆಗಳಲ್ಲಿ ತಾಯಿ ಬಾಯಿ ತೆರೆಯುವುದು ಮಗಳು ಬಟ್ಟೆಯ ಮೇಲೆ ಕಲೆ ಕಂಡು ಬೆಚ್ಚಿದ ದಿನ. ಅಷ್ಟರಲ್ಲಿ ಆ ಮಗು ತನಗೇನೋ ದೊಡ್ಡ ರೋಗ ತಗುಲಿತೆಂದೋ, ಆಟದಲ್ಲಿ ಬಿದ್ದು ಒಳಗೆಲ್ಲೋ ಪೆಟ್ಟಾಯಿತೆಂದೋ, ತಾನೇ ಏನೋ ತಪ್ಪು ಮಾಡಿದೆನೆಂದೋ ನೊಂದು, ಶಾಲೆಯ ಶೌಚಾಲಯದಲ್ಲಿ ಒಬ್ಬಳೇ ಅತ್ತು ಮುಗಿದಿರುತ್ತದೆ. ಅಂದು ಹೇಳುವ ಮಾತು ಸಮಾಧಾನವಾದೀತು, ತಿಳಿವಳಿಕೆಯಾಗಲಾರದು. ಹೆದರಿದ ಕಿವಿಗೆ ಪಾಠ ಹತ್ತುವುದಿಲ್ಲ. ಆದ್ದರಿಂದ ಮಾತು ಮೊದಲು ಬರಬೇಕು, ಮುಟ್ಟು ಆಮೇಲೆ.

ಮೊದಲು ಎಂದರೆ ಎಂದು? ಹುಡುಗಿಯರಲ್ಲಿ ಪ್ರಾಯದ ಬದಲಾವಣೆಗಳು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಆರಂಭವಾಗುತ್ತವೆ. ಮೊದಲು ಎದೆ ಮೊಗ್ಗಾಗುತ್ತದೆ. ಅದಾದ ಎರಡು, ಎರಡೂವರೆ ವರ್ಷಗಳಿಗೆ ಮುಟ್ಟು. ಹೆಚ್ಚಿನವರಿಗೆ ಹನ್ನೆರಡು ಹದಿಮೂರರ ಸುಮಾರಿಗೆ ಬಂದರೂ ಹತ್ತಕ್ಕೇ ಬರುವುದು ಅಪರೂಪವಲ್ಲ. ಪ್ರೌಢಶಾಲೆಯ ವಿಜ್ಞಾನದಲ್ಲಿ ಆ ಅಧ್ಯಾಯ ಬರುವ ಹೊತ್ತಿಗೆ ಎಷ್ಟೋ ಹುಡುಗಿಯರಿಗೆ ಅದು ಹಳೆಯ ಸಂಗತಿಯಾಗಿರುತ್ತದೆ; ಬಂದಾಗಲೂ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವ ಉಪಾಧ್ಯಾಯರು ಇಲ್ಲದಿಲ್ಲ. ಮನೆಯವರು ಶಾಲೆಯನ್ನೂ ಶಾಲೆಯವರು ಮನೆಯನ್ನೂ ನಂಬಿ ಕುಳಿತರೆ ಮಗುವಿನ ಪಾಲಿಗೆ ಉಳಿಯುವ ಗುರು ಕೈಯಲ್ಲಿರುವ ಮೊಬೈಲ್ ಫೋನು. ಅದು ಹೇಳದಿರುವುದು ಏನೂ ಇಲ್ಲ. ಯಾವ ವಯಸ್ಸಿಗೆ ಯಾವುದನ್ನು ಹೇಗೆ ಹೇಳಬೇಕೆಂಬ ವಿವೇಕ ಅದಕ್ಕಿಲ್ಲ. ಒಂಬತ್ತನೆಯ ಹುಟ್ಟುಹಬ್ಬ ಕಳೆಯುವುದರೊಳಗಾಗಿ ಮನೆಯವರು ಮೊದಲ ಮಾತನ್ನು ಆಡಿರಬೇಕು.

ಹೇಳಬೇಕಾದುದು ಬಹಳ ಕಠಿನವೇನಲ್ಲ. ಮಿದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಒಂದು ವಯಸ್ಸಿನಲ್ಲಿ ಎಚ್ಚೆತ್ತು ಅಂಡಾಶಯಗಳಿಗೆ ಸಂದೇಶ ಕಳಿಸುತ್ತದೆ. ಅವು ಹಾರ್ಮೋನುಗಳನ್ನು ಸ್ರವಿಸುತ್ತವೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಒಂದು ಅಂಡ ಹೊರಬೀಳುತ್ತದೆ. ಮಗುವೊಂದು ಬಂದೀತೆಂಬ ನಿರೀಕ್ಷೆಯಲ್ಲಿ ಗರ್ಭಕೋಶ ಒಳಗೆ ಮೆತ್ತನೆಯ ಹಾಸಿಗೆಯನ್ನು ಹಾಸುತ್ತದೆ. ಅತಿಥಿ ಬಾರದಿದ್ದರೆ ಹಾಸಿಗೆಯನ್ನು ಕಳಚಿ ಹೊರಗೆ ಹಾಕುತ್ತದೆ. ಅದೇ ಮುಟ್ಟು. ಹೊರಬರುವುದು ಕೆಟ್ಟ ರಕ್ತವಲ್ಲ. ಮೈಯಲ್ಲಿ ಹರಿಯುವ ಅದೇ ರಕ್ತ, ಜೊತೆಗೆ ಆ ಹಾಸಿಗೆಯ ಅಂಶ. ನೋಡುವ ಕಣ್ಣಿಗೆ ಬಹಳವೆನಿಸಿದರೂ ಒಂದು ಸಲಕ್ಕೆ ಹೋಗುವುದು ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು. ಎರಡರಿಂದ ಏಳು ದಿನ ಇರಬಹುದು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದೂ 45 ದಿನಗಳವರೆಗೆ ತಡವಾಗುವುದೂ ಸಹಜ.

ಇದರ ಜೊತೆಗೆ ಕೈಗೆಲಸದ ವಿವರವನ್ನೂ ಹೇಳಬೇಕು. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸುವುದು. ಬಟ್ಟೆಯನ್ನು ಬಳಸುವವರು ಸಾಬೂನಿನಲ್ಲಿ ಒಗೆದು, ಇನ್ನೊಂದು ಬಟ್ಟೆಯ ಅಡಿಯಲ್ಲಿ ಬಚ್ಚಿಡದೆ, ಬಿಸಿಲಿನಲ್ಲಿ ಒಣಗಿಸುವುದು. ಶಾಲೆಯ ಚೀಲದಲ್ಲಿ ಒಂದು ಪ್ಯಾಡನ್ನೂ ಒಂದು ಜೊತೆ ಒಳ ಉಡುಪನ್ನೂ ಇಟ್ಟುಕೊಳ್ಳುವುದು. ಸ್ನಾನ, ಆಟ, ಓದು ಯಾವುದೂ ನಿಲ್ಲಬೇಕಾಗಿಲ್ಲ. ಉಪ್ಪಿನಕಾಯಿ ಕೆಡುವುದು ನೀರು ತಗುಲಿದ ಸೌಟಿನಿಂದ. ಹುಡುಗಿಯ ಕೈಯಿಂದ ಅಲ್ಲ. ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ಸ್ರಾವ ಏಳು ದಿನಕ್ಕೆ ಮೀರಿದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡು ತೊಯ್ದರೆ, ಮೂರು ತಿಂಗಳು ಮುಟ್ಟೇ ಬಾರದಿದ್ದರೆ, ಶಾಲೆ ತಪ್ಪಿಸುವಷ್ಟು ಹೊಟ್ಟೆನೋವು ಬಂದರೆ ವೈದ್ಯರಲ್ಲಿಗೆ ಹೋಗಬೇಕು. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬುದು ಚಿಕಿತ್ಸೆಯಲ್ಲ.

ಮೌನಕ್ಕೆ ಬೆಲೆ ತೆರುವುದು ಮನಸ್ಸು ಮಾತ್ರವಲ್ಲ, ಮೈಯೂ ಹೌದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿತ್ತು. ಹುಡುಗರಲ್ಲಿ ಆ ಸಂಖ್ಯೆ 31. ಹೆಚ್ಚು ಸ್ರಾವವಾಗುತ್ತಿದ್ದರೂ ಹೇಳಿಕೊಳ್ಳದ ಹುಡುಗಿಯ ಬಳಲಿಕೆಯನ್ನು ಮನೆಯವರು ಸೋಮಾರಿತನವೆಂದು ಗದರಿಸುತ್ತಾರೆ. ಒಸಗೆಯ ದಿನ ಚಿಗಳಿ ತಿನ್ನಿಸಿದ ಅಕ್ಕರೆ ವರ್ಷವಿಡೀ ತಟ್ಟೆಯಲ್ಲಿ ಕಾಣಬೇಕು: ರಾಗಿ, ಸೊಪ್ಪು, ಕಾಳು, ಅವುಗಳ ಮೇಲೆ ಹಿಂಡಿದ ನಿಂಬೆಹಣ್ಣು. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಸರಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೇ ಕೊರತೆಗೆ; ಅದನ್ನು ಕಿಟಕಿಯಾಚೆ ಎಸೆಯಬಾರದೆಂದು ಮಕ್ಕಳಿಗೆ ಕಾರಣಸಹಿತ ಹೇಳಬೇಕು.

‘ದೊಡ್ಡವಳಾದಳು’ ಎಂಬ ಇನ್ನೊಂದು ಮಾತಿನ ವಿಷಯದಲ್ಲಿ ಎಚ್ಚರ ಬೇಕು. ಹನ್ನೆರಡರ ಹುಡುಗಿ ದೊಡ್ಡವಳಲ್ಲ. ಮುಟ್ಟಾದ ಮೇಲೂ ಎರಡು ವರ್ಷ ಅವಳ ಎತ್ತರವೇ ಬೆಳೆಯುತ್ತಿರುತ್ತದೆ. ಈ ಒಂದು ಮಾತನ್ನು ನಂಬಿ ಪುಸ್ತಕವನ್ನು ಕಸಿದು ಧಾರೆ ಎರೆಯುವ ಮನೆಗಳು ಇಂದಿಗೂ ಇವೆ. ಅದೇ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು.

ಹುಡುಗರ ಮಾತೇನು? ಹುಡುಗಿಗೆ ತಡವಾಗಿಯಾದರೂ ತಾಯಿಯ ಮಾತು ದೊರೆಯುತ್ತದೆ. ಹುಡುಗನಿಗೆ ಅದೂ ಇಲ್ಲ. ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಅನೇಕರಿಗೆ ಕೆಲಕಾಲ ಎದೆಯೂ ತುಸು ಉಬ್ಬಿ ದಿಗಿಲಾಗುತ್ತದೆ. ನಿದ್ರೆಯಲ್ಲಿ ತಾನಾಗಿ ವೀರ್ಯ ಹೋಗುತ್ತದೆ. ಇವೆಲ್ಲ ಬೆಳವಣಿಗೆಯ ಲಕ್ಷಣಗಳೆಂದು ತಂದೆ ಹೇಳುವುದಿಲ್ಲ. ಬಸ್ ನಿಲ್ದಾಣದ ಗೋಡೆ ಹೇಳುತ್ತದೆ! ‘ಧಾತು ದೌರ್ಬಲ್ಯ’, ‘ಗುಪ್ತರೋಗ’, ಇಂಥ ಲಾಡ್ಜಿನಲ್ಲಿ ಇಂಥ ದಿನ ವೈದ್ಯರು ಸಿಗುತ್ತಾರೆ ಎಂದು. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತವೆಂಬ ಲೆಕ್ಕಕ್ಕೆ ಶರೀರಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ನಿದ್ರೆಯಲ್ಲಿ ಆಗುವ ಸ್ಖಲನದಿಂದಾಗಲಿ ಹಸ್ತಮೈಥುನದಿಂದಾಗಲಿ ಶಕ್ತಿ ಕುಂದದು, ಬುದ್ಧಿ ಮಂಕಾಗದು. ಕುಂದಿಸುವುದು ಆ ಭಯ. ಈ ಭಯದಿಂದಲೇ ಬಳಲಿ ಬರುವ ತರುಣರನ್ನು ಕಂಡು ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹುಡುಗನಿಗೆ ಮುಟ್ಟಿನ ವಿಚಾರವನ್ನೂ ಹೇಳಬೇಕು. ಹಾಗೆ ತಿಳಿದ ಹುಡುಗ ತರಗತಿಯ ಹುಡುಗಿಯ ಲಂಗದ ಮೇಲಿನ ಕಲೆಯನ್ನು ಕಂಡು ನಗಲಾರ.

ಇನ್ನೊಂದು ಕೊರತೆ ಕನ್ನಡದ ಉಪಾಧ್ಯಾಯನಾದ ನನ್ನನ್ನು ವಿಶೇಷವಾಗಿ ಕಾಡುವಂಥದು. ಮೈಯ ಕೆಲವು ಅಂಗಗಳಿಗೆ ನಮ್ಮಲ್ಲಿ ಎರಡು ಬಗೆಯ ಹೆಸರುಗಳುಂಟು. ಒಂದು ಬೀದಿಯ ಬೈಗುಳದ್ದು. ಇನ್ನೊಂದು ಗ್ರಂಥದ ಸಂಸ್ಕೃತದ್ದು. ಇವೆರಡರ ನಡುವೆ ಮನೆಯೊಳಗೆ ಆಡಬಹುದಾದ ಮಾತೇ ಇಲ್ಲ. ಇದು ಬರಿಯ ಭಾಷೆಯ ಪ್ರಶ್ನೆಯಾಗಿದ್ದರೆ ವಿದ್ವಾಂಸರಿಗೆ ಬಿಡಬಹುದಾಗಿತ್ತು. ಆದರೆ ಯಾರೋ ಪರಿಚಿತನೇ ಮಗುವನ್ನು ಮುಟ್ಟಬಾರದ ಕಡೆ ಮುಟ್ಟಿದಾಗ, ಆ ಜಾಗಕ್ಕೆ ಹೆಸರಿಲ್ಲದ ಮಗು ಏನೆಂದು ದೂರು ಹೇಳಬೇಕು? 2012ರ ಪೋಕ್ಸೋ ಕಾಯಿದೆಯಿದೆ, 1098 ಎಂಬ ಮಕ್ಕಳ ಸಹಾಯವಾಣಿಯಿದೆ; ಅವು ನೆರವಾಗಬೇಕಾದರೂ ಮೊದಲು ಮಗುವಿನ ಬಾಯಲ್ಲಿ ಮಾತಿರಬೇಕು. ಯೋನಿ, ಶಿಶ್ನ ಎಂಬ ಪದಗಳನ್ನು ಕಣ್ಣು, ಮೂಗು, ಮೊಣಕೈಗಳಂತೆಯೇ ಸ್ನಾನದ ಹೊತ್ತಿನಲ್ಲಿ ಕಲಿಸಿದರೆ ನಾಲ್ಕು ವರ್ಷದ ಮಗುವಿಗೆ ಅವುಗಳಲ್ಲಿ ಏನೂ ವಿಶೇಷ ಕಾಣದು. ನಾಚಿಕೆ ನಮ್ಮದು, ಅದನ್ನು ಮಗುವಿಗೆ ಬಳುವಳಿ ಕೊಡಬೇಕಾಗಿಲ್ಲ.

‘ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಟ್ಟುಹೋಗುವುದಿಲ್ಲವೇ?’ ಎಂಬ ಶಂಕೆ ಸಜ್ಜನರದೇ. ಕೇಂದ್ರ ಸರಕಾರ 2005ರಲ್ಲಿ ರೂಪಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಈ ಶಂಕೆಯಿಂದಲೇ ತಡೆದವು. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ ಯುನೆಸ್ಕೋ ಸಂಸ್ಥೆ 2018ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗದರ್ಶಿ, ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಆ ದಾರಿಗೆ ಇಳಿಯುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ನಾಡಿಗೂ ಈ ಧೈರ್ಯ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಸ್ವತಃ ವೈದ್ಯೆಯಾಗಿದ್ದ ಲೇಖಕಿ ಅನುಪಮಾ ನಿರಂಜನ ಅವರು ‘ತಾಯಿ ಮಗು’, ‘ವಧುವಿಗೆ ಕಿವಿಮಾತು’ ಮುಂತಾದ ಪುಸ್ತಕಗಳಿಂದ ಕನ್ನಡದ ಗೃಹಿಣಿಯರಿಗೆ ತಮ್ಮ ಮೈಯ ವಿಚಾರವನ್ನು ತಿಳಿಸಿದರು. ವಧುವಿಗೆ ಹೇಳಿದ ಆ ಕಿವಿಮಾತಿಗೆ ಮುಂಚಿತವಾಗಿ ಬಾಲೆಗೂ ಬಾಲಕನಿಗೂ ಒಂದು ಮಾತು ಸಲ್ಲಬೇಕಾಗಿದೆ. ಅದೂ ಕಿವಿಯಲ್ಲಲ್ಲ, ಎದುರಿಗೆ ಕುಳಿತು.

ಒಂದೇ ದಿನ ಬಾಗಿಲು ಮುಚ್ಚಿಕೊಂಡು ಉಪನ್ಯಾಸ ಮಾಡಬೇಕೆಂದು ಇದರರ್ಥವಲ್ಲ. ನಾಲ್ಕಕ್ಕೆ ಅಂಗಗಳ ಹೆಸರು. ಒಂಬತ್ತಕ್ಕೆ ಮುಟ್ಟು, ಹನ್ನೊಂದಕ್ಕೆ ಹುಡುಗನ ಮೈಯ ಬದಲಾವಣೆ. ಹದಿಮೂರು ಹದಿನಾಲ್ಕಕ್ಕೆ ಗರ್ಭ ಹೇಗೆ ನಿಲ್ಲುತ್ತದೆ, ಲೈಂಗಿಕ ರೋಗಗಳು ಹೇಗೆ ಹರಡುತ್ತವೆ, ಕಾಂಡೋಮ್ ಅವನ್ನು ಹೇಗೆ ತಡೆಯುತ್ತದೆ, ಒಪ್ಪಿಗೆಯೆಂದರೇನು, ಫೋನಿನಲ್ಲಿ ಯಾರಾದರೂ ಚಿತ್ರ ಕೇಳಿದರೆ ಏನು ಮಾಡಬೇಕು. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೆ 9ರಿಂದ 14 ವರ್ಷದೊಳಗೆ ಹಾಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಆ ಮಾತನ್ನೂ ವೈದ್ಯರಲ್ಲಿ ಕೇಳಬಹುದು. ತಮ್ಮಿಂದ ಹೇಳಲಾಗದೆಂಬ ತಾಯ್ತಂದೆಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ನಡೆಯುವ ಸ್ನೇಹ ಕ್ಲಿನಿಕ್ಕುಗಳು ನೆರವಾಗುತ್ತವೆ. ತಾಯಿಯಿಲ್ಲದ ಮನೆಯಲ್ಲಿ ತಂದೆ ಹೇಳಲಿ, ಅತ್ತೆಯೋ ಚಿಕ್ಕಮ್ಮನೋ ಹೇಳಲಿ. ಯಾರು ಹೇಳಿದರೂ ಸರಿ, ದನಿ ತಗ್ಗಿಸದೆ ಹೇಳಲಿ.

ಮನೆಯಲ್ಲಿ ಎಂಟು ಒಂಬತ್ತರ ಮಗುವುಳ್ಳ ವಾಚಕರು ಈ ಪುಟವನ್ನು ಓದಿ ಮಡಿಸಿಡಬಾರದೆಂದು ನನ್ನ ವಿನಂತಿ. ಮುಂದಿನ ಭಾನುವಾರ ಊಟವಾದ ಮೇಲೆ ಹತ್ತು ನಿಮಿಷ ಬಿಡುವಿರುತ್ತದೆ. ಆ ಹತ್ತು ನಿಮಿಷ ಸಾಕು.