ಗೆಜ್ಜೆ ಕಟ್ಟುವವರುಂಟು, ಚೆಂಡೆಗೆ ಯಾರು?

ನೆಕ್ರಾಜೆ: ಎಡನೀರು, ನೆಲ್ಲಿಕಟ್ಟೆ ಪರಿಸರದ ಕನ್ನಡ ಮನೆಗಳ ಮಕ್ಕಳಿಗೆ ಆಟ ಹೊಸತಲ್ಲ. 2020ರಲ್ಲಿ ಬ್ರಹ್ಮೈಕ್ಯರಾದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರೇ ಜಾಗಟೆ ಹಿಡಿದು ಭಾಗವತಿಕೆ ಮಾಡುತ್ತಿದ್ದ ಊರಿದು. ಈಗಿನ ಮಕ್ಕಳು ಕಾಲೇಜು ಸೇರಿದ ಮೇಲೂ ಗೆಜ್ಜೆ ಬಿಚ್ಚುತ್ತಿಲ್ಲ ಎಂಬುದು ಸಂತೋಷದ ವಿಷಯ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಗ್ರೇಸ್ ಮಾರ್ಕಿನ ಆಸೆಯೂ ಇದರಲ್ಲಿ ಉಂಟು, ಇರಲಿ ಬಿಡಿ. ಅಲ್ಲಿ ಕುಣಿದವರೇ ಮುಂದೆ ಕಾಲೇಜು ತಂಡಗಳ ಬಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಯಕ್ಷಗಾನ ಸಂಶೋಧನಾ ಕೇಂದ್ರವಿದೆ, ಗಡಿಯಾಚೆ ಮಂಗಳೂರು ವಿ.ವಿ.ಯಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವಿದೆ. ಹುಡುಗಿಯರು ಪುಂಡುವೇಷ, ಬಣ್ಣದ ವೇಷಕ್ಕೂ ಸೈ ಎನಿಸಿಕೊಂಡಿದ್ದಾರೆ.

ಆದರೆ ವಿದ್ಯಾರ್ಥಿಗಳ ಆಟದ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ಮುಮ್ಮೇಳದಲ್ಲಿ ಮಕ್ಕಳ ಹೆಸರು, ಹಿಮ್ಮೇಳದಲ್ಲಿ ಹೆಚ್ಚಾಗಿ ಹೊರಗಿನಿಂದ ಬಂದ ಕಲಾವಿದರದ್ದು! ಅತಿಥಿ ಭಾಗವತರಿಗೆ ಆ ದಿನ ಬೇರೆ ಆಟವಿದ್ದರೆ ಇಲ್ಲಿ ಆಟವೇ ಇಲ್ಲ. ನಾಲ್ಕು ತಿಂಗಳಲ್ಲಿ ಹೆಜ್ಜೆ ಕಲಿತು ರಂಗಸ್ಥಳ ಹತ್ತಬಹುದು. ಮದ್ದಳೆಯ ಕೈ ಕೂಡಲು, ಪದ್ಯ ಎತ್ತಿ ಆಟ ನಡೆಸಲು ವರ್ಷಗಳೇ ಬೇಕು. ಮೂರು ವರ್ಷದ ಪದವಿಯಲ್ಲಿ ಕೈ ಕೂಡುವಷ್ಟರಲ್ಲಿ ಹುಡುಗ ಟಿ.ಸಿ. ತೆಗೆದುಕೊಂಡು ಹೋಗಿಯಾಗಿರುತ್ತದೆ. ಮರುವರ್ಷ ಪುನಃ ಮೊದಲ ತಾಳದಿಂದ ಶುರು.

ಹಿಮ್ಮೇಳ ಎಂದರೆ ಹಿಂದೆ ಕೂತವರು ಎಂದುಕೊಂಡದ್ದೇ ತಪ್ಪು. ಮರಾಠಿ ನಾಟಕದ ಚರಿತ್ರೆಯನ್ನೇ ನೋಡಿ. ಉತ್ತರ ಕನ್ನಡದ ಕರ್ಕಿ ಮೇಳದ ಆಟ ಸಾಂಗ್ಲಿಯಲ್ಲಿ ನಡೆದ ಮೇಲೆಯೇ 1843ರಲ್ಲಿ ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂದದ್ದು. ಅದರಲ್ಲಿ ಹಾಡಿ ಕತೆ ಮುಂದೊಯ್ಯುವವನು ಸೂತ್ರಧಾರ, ಎಂದರೆ ನಮ್ಮ ಭಾಗವತರ ಸ್ಥಾನವೇ. ನಮ್ಮಲ್ಲಿ ಮಾತ್ರ ಆ ಸ್ಥಾನಕ್ಕೆ ಬಾಡಿಗೆಗೆ ಜನ ಹುಡುಕೋದು.

2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಆರಂಭವಾಯಿತು. ಕಣ್ಣೂರು ವಿ.ವಿ. ವ್ಯಾಪ್ತಿಯ ಕಾಲೇಜುಗಳಿಗೆ ಇದೊಂದು ಅವಕಾಶ. ಮೊದಲ ವರ್ಷವೇ ನಾಲ್ವರನ್ನು ಚೆಂಡೆ, ಮದ್ದಳೆ, ಭಾಗವತಿಕೆಗೆಂದೇ ಆರಿಸಿ ಅಂಕವನ್ನೂ ಕೊಟ್ಟರೆ, ಕೊನೆಯ ವರ್ಷದವರು ಕಿರಿಯರಿಗೆ ಹೇಳಿಕೊಟ್ಟು ಹೋಗಬಹುದು. ಖರ್ಚೇನು? ಒಂದು ಜೊತೆ ಚೆಂಡೆ-ಮದ್ದಳೆ, ವಾರಕ್ಕೆರಡು ಸಂಜೆ ಬರುವ ಗುರುಗಳ ಗೌರವಧನ. ವೇಷಭೂಷಣದ ಬಾಡಿಗೆಗೆ ಹೇಗೂ ದುಡ್ಡು ಹೊಂದಿಸುತ್ತಾರಲ್ಲ!

ಹೆತ್ತವರೂ ಕಿರೀಟ ಕಟ್ಟಿದ ಮಗನ ಫೋಟೋ ಒಂದೇ ಸಾಕೆಂದು ಕೂರಬಾರದು. ಕಾಲೇಜಿಗೆ ಸೇರಿಸಲು ಹೋದಾಗ ಬಸ್ಸಿನ ಸಮಯ, ಫೀಸು ಕೇಳುವ ಜೊತೆಗೆ, ಇಲ್ಲಿ ಮದ್ದಳೆ ಕಲಿಸುತ್ತೀರಾ ಎಂದೂ ಕೇಳಲಿ.