ಅಟ್ಟ ಸೇರಿದ ಯಂತ್ರಕ್ಕೂ ಒಂದು ಸರದಿ ಬರಲಿ

ನಮ್ಮ ಶೀಳನೆರೆಯ ಕಡೆ ಪಂಪ್‌ಸೆಟ್ಟಿನ ಮೋಟಾರು ಸುಟ್ಟಿತೆಂದರೆ ಮನೆಮಂದಿಗೆಲ್ಲ ಊಟ ಸೇರುವುದಿಲ್ಲ. ಕಬ್ಬು ಒಣಗುತ್ತದೆ, ಬತ್ತದ ಗದ್ದೆ ಬಾಯಿ ಬಿಡುತ್ತದೆ. ರಾತ್ರಿಯೇ ನಾಲ್ಕು ಜನ ಸೇರಿ ಮೋಟಾರನ್ನು ಮೇಲೆತ್ತಿ, ಬೆಳಗಾಗುತ್ತಲೇ ಟೆಂಪೋಗೆ ಹಾಕಿ ಕೆ.ಆರ್. ಪೇಟೆಗೆ ಒಯ್ದು, ವೈಂಡಿಂಗ್ ಮಾಡಿಸಿಕೊಂಡೇ ಬರುತ್ತಾರೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕೈಸಾಲ. ಮಾಡಬೇಕಾದದ್ದೇ, ನನ್ನ ತಕರಾರು ಅದಲ್ಲ. ಅದೇ ಮನೆಯ ಅಟ್ಟದ ಮೇಲೆ ಕೆಟ್ಟ ಮಿಕ್ಸಿ, ಗ್ರೈಂಡರ್, ವ್ಯಾಕ್ಯೂಮ್ ಕ್ಲೀನರ್‌ಗಳು ವರ್ಷಗಟ್ಟಲೆ ಕೂತಿರುತ್ತವಲ್ಲ, ಅವುಗಳ ಹೊಟ್ಟೆಯಲ್ಲಿರುವುದೂ ಮೋಟಾರೇ ಅಲ್ಲವೇ? ಅವುಗಳ ಸರದಿ ಯಾಕೆ ಬರುವುದಿಲ್ಲ?

ನಮ್ಮ ಮನೆಯ ಅಟ್ಟದಲ್ಲಿದ್ದದ್ದು ಒಂದು ವ್ಯಾಕ್ಯೂಮ್ ಕ್ಲೀನರ್. 1982ರಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಶುರುವಾಗಿ, ಅದರ ಹುಡುಗರು ಮನೆಮನೆಯ ಬಾಗಿಲು ತಟ್ಟಿ ಯೂರೋಕ್ಲೀನ್ ಮಾರಿದ ಮೇಲೆ ಪಟ್ಟಣದ ಎಷ್ಟೋ ಹೆಂಗಸರು ಈ ಯಂತ್ರವನ್ನು ಕಣ್ಣಾರೆ ಕಂಡರು. ನಮ್ಮದು ಬೇರೆ ಕಂಪನಿಯದು. ಬೆಂಗಳೂರಿನ ಮೈದುನನ ಮನೆಗೆ ಹೊಸದು ಬಂದಾಗ ಹಳೆಯದು ಊರಿಗೆ ಬಂತು. ಎರಡು ವರ್ಷ ಚೆನ್ನಾಗಿ ದುಡಿಯಿತು. ಒಂದು ದಿನ ಒಳಗೆ ಕಿಡಿ ಹಾರಿ, ಕಮಟು ವಾಸನೆ ಬಂದು ನಿಂತುಹೋಯಿತು. "ಸುಟ್ಟೋಗೈತೆ, ಬುಡು ಅತ್ಲಾಗೆ, ಪೊರಕೆ ಐತಲ್ಲ" ಎಂದರು ಮನೆಯ ಗಂಡಸರು. ಎಂಟು ವರ್ಷ ಅದು ಅಟ್ಟದಿಂದ ಇಳಿಯಲಿಲ್ಲ.

ಪೊರಕೆ ಇದೆ, ನಿಜ. ಪೊರಕೆ ಹಿಡಿಯುವ ಕೈ ಯಾರದು? ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಹಾಗೆ ತೊಡಗುವ ಗಂಡಸರು ಕೊಡುವುದು 97 ನಿಮಿಷ. ಸುಗ್ಗಿಯಲ್ಲಿ ರಾಗಿ ಒಕ್ಕಣೆಯ ಧೂಳು, ಆಲೆಮನೆಯಿಂದ ಹಾರಿಬರುವ ಬೂದಿ, ಹಾಸಿಗೆ ದಿಂಬಿನ ಹತ್ತಿಯ ಹುಡಿ, ಎಲ್ಲವನ್ನೂ ಆ ಐದು ಗಂಟೆಯೊಳಗೇ ಗುಡಿಸಬೇಕು. ನಮ್ಮತ್ತೆಗೆ ಗೂರಲು. ಪೊರಕೆ ಆಡಿಸಿದರೆ ದಪ್ಪ ಕಸ ಮೊರಕ್ಕೆ ಬರುತ್ತದೆ, ಸಣ್ಣ ಧೂಳು ಮೇಲೆದ್ದು ಮೂಗು ಸೇರುತ್ತದೆ. ಗುಡಿಸಿದ ಅರ್ಧ ಗಂಟೆ ಅವರು ಜಗಲಿಯ ಮೇಲೆ ಕೂತು ಉಸಿರು ಎಳೆಯುವುದನ್ನು ಕಂಡವರು "ಪೊರಕೆ ಐತಲ್ಲ" ಎನ್ನಲಾರರು.

ಈ ಯಂತ್ರವನ್ನು ದೊಡ್ಡವರ ಮನೆಯ ಷೋಕಿ ಎನ್ನುವವರಿಗೆ ಅದರ ಕಥೆ ಗೊತ್ತಿಲ್ಲ. 1901ರಲ್ಲಿ ಲಂಡನ್ನಿನ ಬೂತ್ ಎಂಬಾತ ಮಾಡಿದ್ದು ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡದು. ಅದು ಸಿರಿವಂತರದೇ ಸರಿ. ಆದರೆ ಒಬ್ಬರೇ ತಳ್ಳಬಹುದಾದ ವಿದ್ಯುತ್ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಪಡೆದ ಸ್ಪ್ಯಾಂಗ್ಲರ್, ಅಮೆರಿಕದ ಓಹಾಯೋದ ಒಂದು ಅಂಗಡಿಯಲ್ಲಿ ಕಸ ಗುಡಿಸುವವನು. ಅವನಿಗೂ ಗೂರಲು. ಗುಡಿಸಿದಾಗ ಏಳುವ ಧೂಳು ತಾಳಲಾರದೆ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಕಟ್ಟಿದ. ನಮ್ಮತ್ತೆಯಂಥವರ ಕಷ್ಟದಿಂದಲೇ ಹುಟ್ಟಿದ ಯಂತ್ರ ಇದು.

ಅದನ್ನು ಇಳಿಸಿ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಬಿಚ್ಚಿಯೂ ನೋಡಲಿಲ್ಲ. "ಆ ಮಾಡೆಲ್ ನಿಂತುಹೋಗಿದೆ ಮೇಡಂ, ಎಕ್ಸ್‌ಚೇಂಜಿಗೆ ಕೊಡಿ" ಎಂದು ಹೊಸದರ ಕಾಗದ ಕೈಗಿಟ್ಟರು. ಅಲ್ಲಿಂದ ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಅಂಗಡಿಗೇ ಹೋದೆ. ಆ ಹುಡುಗ ನಾಲ್ಕು ತಿರುಪು ತೆಗೆದು, "ಸುಟ್ಟಿಲ್ಲ ಕಣಕ್ಕ, ಕಾರ್ಬನ್ ಬ್ರಷ್ ಸವ್ದೈತೆ ಅಷ್ಟೇಯ" ಎಂದ. ತಿರುಗುವ ಮೋಟಾರಿಗೆ ಕರೆಂಟು ಮುಟ್ಟಿಸುವ, ಕಿರುಬೆರಳ ತುದಿಯಷ್ಟು ಎರಡು ಕರಿ ತುಂಡುಗಳು ಅವು. ಸವೆದಾಗ ಕಿಡಿ ಹಾರುತ್ತದೆ, ಪೂರ್ತಿ ಸವೆದರೆ ಯಂತ್ರ ನಿಲ್ಲುತ್ತದೆ. ಹೊಸದು ಹಾಕಿ, ಕರಕಲಾಗಿದ್ದ ತಾಮ್ರದ ಪಟ್ಟಿಗಳನ್ನು ನಯವಾದ ಕಾಗದದಲ್ಲಿ ಉಜ್ಜಿ, ಗರಗರ ಎನ್ನುತ್ತಿದ್ದ ಬೇರಿಂಗ್ ಬದಲಾಯಿಸಿ, ಇಲಿ ಕಡಿದಿದ್ದ ವೈರನ್ನು ಹೊಸದು ಮಾಡಿದ. ಕೊಳವೆಯ ಸೀಳಿದ ತುದಿಯನ್ನು ಗೇಣುದ್ದ ಕತ್ತರಿಸಿ ಮತ್ತೆ ಸಿಕ್ಕಿಸಿದ. ಧೂಳು ಕಟ್ಟಿಕೊಂಡು ಕಲ್ಲಾಗಿದ್ದ ಚೀಲವನ್ನು ಎಸೆಸಿದ. ಚೀಲ ಕಟ್ಟಿಕೊಂಡರೆ ಎಳೆತ ಕಡಿಮೆಯಾಗುವುದಷ್ಟೇ ಅಲ್ಲ, ಗಾಳಿ ಆಡದೆ ಮೋಟಾರೂ ಕಾಯುತ್ತದಂತೆ. ಎಲ್ಲ ಸೇರಿ ಖರ್ಚಾದದ್ದು ಮೂರು ರವಿಕೆ ಹೊಲಿಸುವ ಕೂಲಿ.

ಎಂಟು ವರ್ಷದ ಗೂರಲಿನ ಎದುರಿಗೆ ಮೂರು ರವಿಕೆಯ ದುಡ್ಡು! ಕೆಟ್ಟದ್ದು ಯಂತ್ರವಲ್ಲ, ಲೆಕ್ಕ. ಹೊಲದ ಮೋಟಾರು ನಿಂತರೆ ನಷ್ಟವನ್ನು ರೂಪಾಯಿಯಲ್ಲಿ ಎಣಿಸುತ್ತಾರೆ. ಮನೆಯ ಮೋಟಾರು ನಿಂತರೆ ಆ ಕೆಲಸ ಹೆಂಗಸಿನ ಸೊಂಟಕ್ಕೆ ಬೀಳುತ್ತದೆ. ಸೊಂಟಕ್ಕೆ ಬಿದ್ದದ್ದನ್ನು ಯಾರೂ ಎಣಿಸುವುದಿಲ್ಲ.

ಹೊಸದನ್ನೇ ಕೊಂಡರಾಯಿತಲ್ಲ ಎನ್ನುವಿರಾ? ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ. ಆದರೆ ಬ್ರಷ್ ಸವೆಯುವುದು ಅದಕ್ಕೂ ತಪ್ಪಿದ್ದಲ್ಲ, ಮಾಡೆಲ್ ನಿಲ್ಲುವುದೂ ತಪ್ಪಿದ್ದಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಒಂದು ಸಮಿತಿ ರಚಿಸಿತು. ಅದರ ಪಟ್ಟಿಯಲ್ಲಿ ಬೇಸಾಯದ ಉಪಕರಣಗಳ ಜೊತೆಗೇ ಮನೆಬಳಕೆಯ ಯಂತ್ರಗಳೂ ಇವೆ. ಕಾಗದದ ಮೇಲೆ ಸರ್ಕಾರವೇ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿರುವಾಗ ನಮ್ಮ ಮನೆಗಳಲ್ಲಿ ಮಾತ್ರ ಪಂಕ್ತಿಭೇದ ಯಾಕೆ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ಕೊಳ್ಳುವಾಗಲೇ ಅಂಗಡಿಯವನನ್ನು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾಚಿಕೆ ಬೇಡ. ಟ್ರ್ಯಾಕ್ಟರ್ ಕೊಳ್ಳುವ ಗಂಡಸರು ಅದನ್ನು ಮೊದಲು ಕೇಳುತ್ತಾರೆ.

ಇನ್ನು ಅಟ್ಟದಲ್ಲಿರುವುದನ್ನು ಇಳಿಸುವವರಿಗೆ ಎರಡು ಮಾತು. ವೈರು ಪರೀಕ್ಷೆ ಮಾಡಿಸದೆ ಪ್ಲಗ್ಗಿಗೆ ಹಾಕಬೇಡಿ. ಹಳೆಯ ಚೀಲವನ್ನು ಹಿತ್ತಲಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಿಚ್ಚಿ. ನೇಯ್ಗೆ ಸಡಿಲವಾದ ಚೀಲ ಧೂಳನ್ನು ಹಿಂದಿನಿಂದ ಮತ್ತೆ ಮನೆಗೇ ಊದುತ್ತದೆ. ಮುಂದಿನ ಸಲ ಮನೆಯವರು ಪಂಪಿನ ಮೋಟಾರನ್ನು ಟೆಂಪೋಗೆ ಏರಿಸುವಾಗ ನಿಮ್ಮದನ್ನೂ ಪಕ್ಕದಲ್ಲಿಡಿ. ಜಾಗವಿಲ್ಲ ಎಂದರೆ, ಜಾಗ ಮಾಡಿಕೊಂಡು ಹೋಗಿ ಎನ್ನಿ.