ಲೆಕ್ಕದ ಬೀಗದ ಕೈ ಯಾರ ಹತ್ತಿರ?

ಕಳೆದ ಮಳೆಗಾಲದಲ್ಲಿ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಊರಿಗೆ ಬರಡು ರಾಸುಗಳ ಶಿಬಿರಕ್ಕೆ ಹೋಗಿದ್ದೆ. ಶಿಬಿರ ಮುಗಿಯುವ ಹೊತ್ತಿಗೆ ಒಬ್ಬ ಸದಸ್ಯೆ ತಮ್ಮ ಮಿಶ್ರತಳಿ ಹಸುವನ್ನು ಹಿಡಿದುಕೊಂಡು ಬಂದರು. ‘ಹಾಲು ಯಾಕೋ ಇಳೀತಾ ಇದೆ ಡಾಕ್ಟ್ರೇ, ಮೇವು ಅದೇ, ಹಿಂಡಿ ಅದೇ’ ಎಂದರು. ಕೆಚ್ಚಲು ಬಾತಿರಲಿಲ್ಲ, ಹಾಲು ಒಡೆದಿರಲಿಲ್ಲ, ಹಸು ಲವಲವಿಕೆಯಿಂದಲೇ ಇತ್ತು. ಹೊರಗೆ ಕಾಣದ ಕೆಚ್ಚಲು ಬಾವು ಹೀಗೆಯೇ ಶುರುವಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಹಾಲು ಇಳಿಯುತ್ತದೆ, ಎಸ್‌ಎನ್‌ಎಫ್ ಇಳಿಯುತ್ತದೆ. ಹಾಗಾಗಿ ಇಂಥ ಕಡೆ ನಾನು ಮೊದಲು ಕೇಳುವುದು ಡೇರಿ ಚೀಟಿಯನ್ನು. ಚೀಟಿ ಇರುವುದು ಸದಸ್ಯೆಯ ಹೆಸರಿನಲ್ಲಿಯೇ ಹೊರತು ಹಸುವಿನ ಹೆಸರಿನಲ್ಲಲ್ಲ, ನಿಜ. ಆದರೆ ಆಕೆಯ ಮನೆಯಲ್ಲಿ ಹಾಲು ಕೊಡುತ್ತಿದ್ದದ್ದು ಅದೊಂದೇ ಹಸು.

ಚೀಟಿ ಇರಲಿಲ್ಲ. ಸಂಘದ ಕಂಪ್ಯೂಟರಿನಲ್ಲಿ ನೋಡೋಣ ಎಂದು ಹೋದರೆ ಪರದೆಯ ಮೇಲೆ ‘ನಿಮ್ಮ ಚಂದಾ ಅವಧಿ ಮುಗಿದಿದೆ’ ಎಂಬ ಒಂದೇ ಸಾಲು. 9 ದಿನದಿಂದ ಹೀಗೇ ಇದೆ, ಪುಸ್ತಕದಲ್ಲಿ ಕೈಯಿಂದ ಬರೆದುಕೊಳ್ಳುತ್ತಿದ್ದೇವೆ ಎಂದರು ಕಾರ್ಯದರ್ಶಿ. ಹಳೆಯ ಲೆಕ್ಕವೆಲ್ಲ ಒಳಗೇ ಇತ್ತು. ಆ ವಾರದ ಬಟವಾಡೆ ತಡವಾಗಿತ್ತು. ಸಾಫ್ಟ್‌ವೇರ್ ಮಾರಿದ ಹುಡುಗ ಫೋನ್ ಎತ್ತುತ್ತಿರಲಿಲ್ಲ. ‘ಮೊದಲ ವರ್ಷ ಪೂರ್ತಿ ಉಚಿತ’ ಎಂದು ಹಾಕಿಕೊಟ್ಟು ಹೋದವನು ಎರಡನೇ ವರ್ಷದ ದರ ಎಷ್ಟು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ನೀರೊಳಗಿನ ಎಮ್ಮೆಗೆ ವ್ಯಾಪಾರ ಕಟ್ಟಿದ ಹಾಗಾಗಿತ್ತು.

ಪಶುವೈದ್ಯರಿಗೆ ಸಾಫ್ಟ್‌ವೇರಿನ ಉಸಾಬರಿ ಏಕೆ ಎಂದು ಕೆಲವರು ಕೇಳಿದ್ದಾರೆ. ಕಾರಣ ಮೇಲೆ ಹೇಳಿದ್ದೇ. ಈಗ ಸಂಘಗಳಿಗೆ ತೂಕ, ಜಿಡ್ಡು, ಎಸ್‌ಎನ್‌ಎಫ್, ಬಟವಾಡೆ, ಪಶು ಆಹಾರದ ಸಾಲ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಕ್ಲೌಡ್ ಸಾಫ್ಟ್‌ವೇರ್ ಮಾರಲು ಜನ ಬರುತ್ತಿದ್ದಾರೆ. ಆಡಳಿತ ಮಂಡಳಿಯ ಸಭೆಯಲ್ಲಿ ಸಹಿ ಹಾಕುವವರು ನೀವು. ಆದ್ದರಿಂದ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಕ್ಲೌಡ್ ಎಂದರೆ ಮೋಡವೂ ಅಲ್ಲ, ಮಾಯವೂ ಅಲ್ಲ. ಪಕ್ಕದ ಊರಿನ ಬಿಎಂಸಿ ಇದೆಯಲ್ಲ, ಹಾಗೆ. ನಾಲ್ಕಾರು ಸಂಘಗಳ ಹಾಲು ಅಲ್ಲಿ ತಂಪಾಗುತ್ತದೆ, ಯಂತ್ರ ನಿಮ್ಮದಲ್ಲ, ಬಳಸಿದ್ದಕ್ಕೆ ಖರ್ಚು ಕೊಡುತ್ತೀರಿ. ಕ್ಲೌಡಿನಲ್ಲಿ ನಿಮ್ಮ ಸಂಘದ ಲೆಕ್ಕ ಬೇರೆಯವರ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅನುಕೂಲ ಖಂಡಿತ ಇದೆ. ನಿಮ್ಮ ಕಂಪ್ಯೂಟರ್ ಸಿಡಿಲಿಗೆ ಸುಟ್ಟರೂ ಲೆಕ್ಕ ಉಳಿಯುತ್ತದೆ, ಹಾಲು ಹಾಕಿದ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆ. ನಾನು ಇದರ ವಿರೋಧಿಯಲ್ಲ. ಆದರೆ ಇಲ್ಲಿ ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಇಷ್ಟು ದಿನ ಬಳಸಬಹುದು ಎಂಬ ಪರವಾನಗಿಯನ್ನು. ಹಸು ಕೊಳ್ಳುವುದಕ್ಕೂ ಹಾಲು ಕರೆಯಲು ಬಾಡಿಗೆಗೆ ತರುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಹೇಳಬೇಕಾಗಿಲ್ಲ.

ದರ ಕೇಳುವ ಬಗೆ ಹಲವು. ಲೀಟರಿಗೆ ಇಷ್ಟು ಪೈಸೆ ಎನ್ನುವವರಿದ್ದಾರೆ, ಸದಸ್ಯೆಗೆ ತಿಂಗಳಿಗೆ ಇಷ್ಟು ಎನ್ನುವವರಿದ್ದಾರೆ. ದೊಡ್ಡ ಕಂಪನಿಗಳ ಸಾಫ್ಟ್‌ವೇರಿನಲ್ಲಿ ಲಾಗಿನ್ ಆಗುವ ಒಬ್ಬೊಬ್ಬ ಬಳಕೆದಾರರ ಲೆಕ್ಕದಲ್ಲಿ ತಿಂಗಳ ಬಾಡಿಗೆ ಇರುತ್ತದೆ. ಕಾರ್ಯದರ್ಶಿ, ಹಾಲು ಪರೀಕ್ಷಕಿ, ಅಧ್ಯಕ್ಷೆ ಎಂದು ಎಣಿಸುತ್ತಾ ಹೋದರೆ ಸಣ್ಣ ಸಂಘಕ್ಕೆ ಅದು ಹೊರೆ. ಇನ್ನು ಕೆಲವರು ಸಂಘಕ್ಕೆ ವರ್ಷಕ್ಕೆ ಇಡಿಗಂಟು ಕೇಳುತ್ತಾರೆ. ಒಮ್ಮೆಲೇ ಹಣ ಕೊಟ್ಟು ಶಾಶ್ವತ ಪರವಾನಗಿ ಪಡೆಯುವ ಪದ್ಧತಿಯೂ ಇದೆ. ಟ್ಯಾಲಿ ಬಳಸುವವರಿಗೆ ಇದು ಗೊತ್ತು. ಅಲ್ಲಿಯೂ ಮುಂದಿನ ಸುಧಾರಣೆಗಳು ಬೇಕಾದರೆ ವರ್ಷ ವರ್ಷ ನವೀಕರಣ ಶುಲ್ಕವಿದೆ.

‘ಲೀಟರಿಗೆ ಬರೀ 5 ಪೈಸೆ’ ಎಂದರೆ ಯಾರಿಗೂ ಹೆದರಿಕೆಯಾಗುವುದಿಲ್ಲ. ಲೆಕ್ಕ ತಿಳಿಯಲೆಂದು ಈ ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ನಿಮ್ಮ ಸಂಘದ ಅಂಕಿ ಹಾಕಿ ನೋಡಿ. ದಿನಕ್ಕೆ 400 ಲೀಟರ್ ಹಾಲಿನ ಸಂಘಕ್ಕೆ 5 ಪೈಸೆಯಂತೆ ದಿನಕ್ಕೆ 20 ರೂಪಾಯಿ, ವರ್ಷಕ್ಕೆ 7,300 ರೂಪಾಯಿ. ಇನ್ನೊಬ್ಬರು ವರ್ಷಕ್ಕೆ 6,000 ರೂಪಾಯಿ ಇಡಿಗಂಟು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಆಗ ಇಡಿಗಂಟೇ ಅಗ್ಗ. ಅದೇ ದಿನಕ್ಕೆ 120 ಲೀಟರ್ ಬರುವ ಸಣ್ಣ ಸಂಘವಾದರೆ 5 ಪೈಸೆಯ ಲೆಕ್ಕದಲ್ಲಿ ವರ್ಷಕ್ಕೆ 2,190 ರೂಪಾಯಿ ಅಷ್ಟೇ. ಅವರು 6,000 ಕೊಟ್ಟರೆ ದಡ್ಡತನ. ಈ ಎರಡು ದರಗಳು ಸರಿಸಮ ಆಗುವುದು ದಿನಕ್ಕೆ ಸುಮಾರು 329 ಲೀಟರಿನಲ್ಲಿ. ಆದರೂ ಬೆಳೆಯುವ ಸಂಘಕ್ಕೆ ನನ್ನ ಒಲವು ಇಡಿಗಂಟಿನ ಕಡೆಗೇ. ಹಸಿರು ಮೇವು ಬೆಳೆದು, ಖನಿಜ ಮಿಶ್ರಣ ತಿನ್ನಿಸಿ, ನಿಮ್ಮ ಬೆವರಿನಿಂದ 400 ಲೀಟರ್ 600 ಆದರೆ ಸಾಫ್ಟ್‌ವೇರಿನವನ ಆದಾಯ ಏಕೆ ಹೆಚ್ಚಬೇಕು? ಅವನ ಕಂಪ್ಯೂಟರಿಗೆ 4 ಲೀಟರ್ ಬರೆದುಕೊಳ್ಳುವುದೂ 6 ಲೀಟರ್ ಬರೆದುಕೊಳ್ಳುವುದೂ ಒಂದೇ ಕೆಲಸ.

ಸದಸ್ಯೆಯ ತಲೆಲೆಕ್ಕವನ್ನಂತೂ ನಾನು ಒಪ್ಪುವುದಿಲ್ಲ. ಕರು ಹಾಕುವ 2 ತಿಂಗಳು ಮೊದಲು ಹಸುವಿನ ಹಾಲು ಬತ್ತಿಸಿ ಎಂದು ನಾವೇ ಊರೂರು ತಿರುಗಿ ಹೇಳುತ್ತೇವೆ. ಒಂದೇ ಹಸು ಇರುವ ಮನೆಯಿಂದ ಆ 2 ತಿಂಗಳು ಒಂದು ತೊಟ್ಟು ಹಾಲೂ ಬರುವುದಿಲ್ಲ, ಆದರೆ ತಲೆಲೆಕ್ಕದ ಶುಲ್ಕ ಮಾತ್ರ ನಿಲ್ಲುವುದಿಲ್ಲ. ಕೇಳಿದರೆ ‘ಸದಸ್ಯೆಯ ಹೆಸರು ತೆಗೆದುಹಾಕಿ’ ಎನ್ನುತ್ತಾರೆ. ಹೆಸರು ತೆಗೆದರೆ ಹಳೆಯ ಲೆಕ್ಕವೂ ಹೋಗುತ್ತದೆಯೇ ಎಂದು ಕೇಳಿ ನೋಡಿ, ಸರಿಯಾದ ಉತ್ತರ ಬರುವುದು ಕಷ್ಟ.

ಇವುಗಳ ಮೇಲೆ ಶೇಕಡಾ 18ರ ಜಿಎಸ್‌ಟಿ ಬೇರೆ. ತಾಜಾ ಹಾಲಿಗೆ ಜಿಎಸ್‌ಟಿ ಇಲ್ಲದಿರುವುದರಿಂದ, ಹಾಲಿನ ವ್ಯವಹಾರಕ್ಕೆ ಕೊಂಡ ಸಾಫ್ಟ್‌ವೇರಿಗೆ ಕಟ್ಟಿದ ತೆರಿಗೆಯನ್ನು ಸಂಘ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದು ಪೂರ್ತಿ ಖರ್ಚೇ. ಹಾಗಾಗಿ 7,300 ಎಂದರೆ ನಿಜದಲ್ಲಿ 8,614 ರೂಪಾಯಿ. ಸಂದೇಶದ ಶುಲ್ಕ, ತರಬೇತಿ ಶುಲ್ಕ, ತೂಕದ ಯಂತ್ರಕ್ಕೆ ಜೋಡಿಸುವ ಶುಲ್ಕ ಬೇರೆ ಬೇರೆ ಇರಬಹುದು. ಎಲ್ಲ ಸೇರಿಸಿ 3 ವರ್ಷಕ್ಕೆ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿ. ಬರೆದುಕೊಡದವನನ್ನು ಚಹಾ ಕೊಟ್ಟು ಕಳಿಸಿ.

ಇಆರ್‌ಪಿನೆಕ್ಸ್ಟ್‌ನಂತಹ ಮುಕ್ತ ತಂತ್ರಾಂಶಗಳೂ ಇವೆ. ನಮ್ಮ ದೇಶದಲ್ಲೇ ಆದದ್ದು, ಪರವಾನಗಿಗೆ ಹಣವಿಲ್ಲ. ಆದರೆ ಅದನ್ನು ಇಡುವ ಕಂಪ್ಯೂಟರಿನ ಬಾಡಿಗೆ, ನೋಡಿಕೊಳ್ಳುವವರ ಸಂಬಳ ತಪ್ಪುವುದಿಲ್ಲ. ಒಂದು ಹಳ್ಳಿಯ ಸಂಘ ಒಂಟಿಯಾಗಿ ಇದಕ್ಕೆ ಕೈ ಹಾಕುವುದು ಬೇಡ. ಆಣಂದದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಸಂಘಗಳಿಗಾಗಿ ಎಎಂಸಿಎಸ್ ಎಂಬ ಹಾಲು ಸಂಗ್ರಹಣಾ ತಂತ್ರಾಂಶ ಮಾಡಿದೆ. ಖಾಸಗಿಯವರಿಗೆ ಸಹಿ ಹಾಕುವ ಮೊದಲು ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಆ ಬಗ್ಗೆ ಕೇಳಿ. 50 ಸಂಘ ಸೇರಿ ಒಕ್ಕೂಟದ ಮೂಲಕ ದರ ಮಾತನಾಡಿದರೆ ಬರುವ ಬೆಲೆಯೇ ಬೇರೆ. ಸಹಕಾರದಲ್ಲಿ ಹಿಂಡಿಯನ್ನು ಒಟ್ಟಿಗೆ ಕೊಳ್ಳುವ ನಾವು ಸಾಫ್ಟ್‌ವೇರನ್ನು ಮಾತ್ರ ಒಬ್ಬೊಬ್ಬರೇ ಏಕೆ ಕೊಳ್ಳುತ್ತಿದ್ದೇವೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಹಣಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಇನ್ನೊಂದು. ಆ ಸಂಘದ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದಾಗ, ನೋಂದಾಯಿಸಿದ ಇಮೇಲ್ ಮಾರಾಟಗಾರನದೇ ಎಂದು ತಿಳಿಯಿತು. ಒಟಿಪಿ ಬರುತ್ತಿದ್ದ ಮೊಬೈಲ್ ಸಂಖ್ಯೆ ಕಾರ್ಯದರ್ಶಿಯ ಗಂಡನದು. ಆತ ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಕೂಲಿಗೆ ಪಟ್ಟಣಕ್ಕೆ ಹೋದ ದಿನ ಆತ ಫೋನ್ ಎತ್ತುವವರೆಗೆ ಹೆಂಗಸರ ಸಂಘದ ಬಟವಾಡೆ ಕಾಯಬೇಕಿತ್ತು. ಸದಸ್ಯೆಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲ ಅದರೊಳಗಿದೆ. ಸರ್ಕಾರದ ಪ್ರೋತ್ಸಾಹಧನಕ್ಕೆ ಹೋಗುವ ಲೀಟರುಗಳ ಲೆಕ್ಕವೂ ಅಲ್ಲಿಂದಲೇ ಬರಬೇಕು.

ಆದ್ದರಿಂದ ಕರಾರಿನಲ್ಲಿ ಎರಡು ಮಾತು ಇರಲೇಬೇಕು ಎಂಬುದು ನನ್ನ ಹಟ. ಚಂದಾ ಮುಗಿದರೂ ಹಳೆಯ ಲೆಕ್ಕವನ್ನು ನೋಡಲು, ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳಲು ಕನಿಷ್ಠ 90 ದಿನ ಅವಕಾಶವಿರಬೇಕು. ಪರವಾನಗಿ, ಇಮೇಲ್, ಮೊಬೈಲ್ ಸಂಖ್ಯೆ ಮೂರೂ ಸಂಘದ ಹೆಸರಿನಲ್ಲಿರಬೇಕು. ಇದನ್ನು ಸಭಾ ನಡಾವಳಿಯಲ್ಲಿ ಬರೆಸಿ. ಜೊತೆಗೆ ತಿಂಗಳಿಗೊಮ್ಮೆ ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸಿ ಬೀರುವಿನಲ್ಲಿಡಿ. ಲೆಕ್ಕ ಪರಿಶೋಧನೆಗೆ ಬಂದವರ ಮುಂದೆ ‘ಕ್ಲೌಡ್ ಬಂದ್ ಆಗಿದೆ’ ಎಂದರೆ ನಡೆಯುವುದಿಲ್ಲ.

ಆ ಹಸುವಿನ ಹಾಲನ್ನು ಅಂದು ತಟ್ಟೆಯಲ್ಲಿ ಪರೀಕ್ಷಿಸಿದಾಗ ಒಂದು ಮೊಲೆಯ ಹಾಲು ಲೋಳೆಯಾಯಿತು. ಚಿಕಿತ್ಸೆ ಕೊಟ್ಟೆವು, ಉಳಿದ ಮೂರು ಮೊಲೆ ಚೆನ್ನಾಗಿವೆ, ನಾಲ್ಕನೆಯದು ಪೂರ್ತಿ ಸರಿಹೋಗಲಿಲ್ಲ. ಲೆಕ್ಕ ಆಮೇಲೆ ಸಿಕ್ಕಿತು. ಎಸ್‌ಎನ್‌ಎಫ್ ಇಳಿಯಲು ಶುರುವಾಗಿ ಆಗಲೇ 3 ವಾರ ಕಳೆದಿತ್ತು. ಸಂಘದವರು ಈಗ ಸಂಘದ ಹೆಸರಿನಲ್ಲೇ ಒಂದು ಸಿಮ್ ಕೊಂಡಿದ್ದಾರೆ. ಆ ಫೋನ್ ಸಂಘದ ಮೊಹರಿನ ಜೊತೆ ಬೀರುವಿನಲ್ಲಿರುತ್ತದೆ, ಬೀರುವಿನ ಬೀಗದ ಕೈ ಅಧ್ಯಕ್ಷೆಯ ಸೆರಗಿನಲ್ಲಿ.